ಟ್ರಾಕ್ಟರ್ ಮತ್ತು ಟ್ರೇಲರಿನ ತುಂಡಾದ ವೈರಿಂಗ್: ಮನೆಯಲ್ಲೇ ದುರಸ್ತಿ

ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಅರೆಯುವ ಹಂಗಾಮು ಆರಂಭವಾಯಿತೆಂದರೆ ರಸ್ತೆಗಳಿಗೆ ಹಗಲು ರಾತ್ರಿಯೆಂಬ ವ್ಯತ್ಯಾಸವಿರುವುದಿಲ್ಲ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಾರ್ಖಾನೆಯ ಕಡೆಗೆ, ಮದ್ದೂರು ತಾಲ್ಲೂಕಿನ ಕೊಪ್ಪ ಮತ್ತು ಕೆ.ಎಂ. ದೊಡ್ಡಿಯ ಕಡೆಗೆ, ಊರೂರಿನ ಆಲೆಮನೆಗಳ ಕಡೆಗೆ ಕಬ್ಬು ತುಂಬಿದ ಟ್ರಾಕ್ಟರುಗಳೂ ಎತ್ತಿನ ಗಾಡಿಗಳೂ ಸಾಲುಗಟ್ಟುತ್ತವೆ. ಹಗಲೆಲ್ಲ ಕಡಿದ ಕಬ್ಬನ್ನು ತುಂಬಿ ಹೊರಡುವ ಹೊತ್ತಿಗೆ ಕತ್ತಲಾಗಿರುವುದೇ ಹೆಚ್ಚು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಇಂತಹ ಟ್ರೇಲರುಗಳ ಹಿಂಭಾಗವನ್ನು ಒಮ್ಮೆ ಗಮನಿಸಬೇಕು. ಎಷ್ಟೋ ಟ್ರೇಲರುಗಳಲ್ಲಿ ಕೆಂಪು ದೀಪ ಇರುತ್ತದೆ, ಉರಿಯುವುದಿಲ್ಲ. ಕೆಲವದರಲ್ಲಿ ದೀಪದ ಗೂಡು ಮಾತ್ರ ಉಳಿದು, ತುಂಡಾದ ವೈರು ನೆಲದ ಕಡೆಗೆ ಜೋತಾಡುತ್ತಿರುತ್ತದೆ.

ಇದನ್ನು ಸಣ್ಣ ದೋಷವೆಂದು ಭಾವಿಸಬಾರದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಮೋಟಾರ್ ಸೈಕಲ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದೂರ ಕ್ರಮಿಸುತ್ತದೆ. ಎದುರಿನ ವಾಹನದ ಬೆಳಕು ಕಣ್ಣಿಗೆ ಹೊಡೆಯುತ್ತಿರುವಾಗ, ದೀಪವಿಲ್ಲದೆ ನಿಂತ ಟ್ರೇಲರು 30 ಮೀಟರ್ ದೂರದಲ್ಲಿ ಕಾಣಿಸಿತೆಂದರೆ, ಸವಾರನಿಗೆ ಉಳಿಯುವ ಸಮಯ ಎರಡು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಬ್ರೇಕು ಹಿಡಿದು ನಿಲ್ಲುವುದು ಅಸಾಧ್ಯ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ಟ್ರಾಕ್ಟರುಗಳ ಸಂಚಾರವನ್ನೂ ಮೋಟಾರ್ ಸೈಕಲ್‌ಗಳ ಸಂಚಾರವನ್ನೂ ನಿಷೇಧಿಸಲಾಗಿದೆ. ಪರಿಣಾಮವಾಗಿ ನಿಧಾನವಾಗಿ ಸಾಗುವ ಟ್ರೇಲರೂ ಅದರ ಹಿಂದೆ ವೇಗವಾಗಿ ಬರುವ ದ್ವಿಚಕ್ರ ವಾಹನವೂ ಒಂದೇ ಸರ್ವಿಸ್ ರಸ್ತೆಯನ್ನು ಹಂಚಿಕೊಳ್ಳಬೇಕಾಗಿದೆ. ಹಿಂದಿನಿಂದ ಬರುವವನು ಪಕ್ಕದ ಊರಿನವನೇ ಆಗಿರುತ್ತಾನೆ.

ದೀಪ ಉರಿಯದಿರುವುದಕ್ಕೆ ಹಲವು ವೇಳೆ ಕಾರಣ ಒಂದು ಗೇಣು ವೈರು, ತುಕ್ಕು ಹಿಡಿದ ಒಂದು ಬೋಲ್ಟು ಅಥವಾ ಒಂದು ಸಣ್ಣ ಬಲ್ಬು. ಇವನ್ನು ಪತ್ತೆ ಮಾಡಿ ಸರಿಪಡಿಸುವುದು ಓದುಬರಹ ಬಲ್ಲ ಯಾವ ರೈತನಿಗೂ ಕಷ್ಟವಲ್ಲ. ಆದರೆ ಕ್ರಮ ತಪ್ಪಿ ಕೈಹಾಕಿದರೆ ಬೆಂಕಿಗೆ ಆಹ್ವಾನ ಕೊಟ್ಟಂತಾಗುತ್ತದೆ. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಮನೆಯಲ್ಲಿ ಜೀಪು ಅಥವಾ ಕಾರು ಇರುವವರಿಗೂ ದೀಪಗಳ ಮಟ್ಟಿಗೆ ಇದೇ ಕ್ರಮ ಅನ್ವಯಿಸುತ್ತದೆ.

ವಿದ್ಯುತ್ತು ಹರಿಯುವ ದಾರಿ

ನೀರಾವರಿ ಬಲ್ಲ ರೈತನಿಗೆ ವಾಹನದ ವಿದ್ಯುತ್ ವ್ಯವಸ್ಥೆ ಸುಲಭವಾಗಿ ಅರ್ಥವಾಗುತ್ತದೆ. ಬ್ಯಾಟರಿಯೇ ಕೆರೆ. ವೈರುಗಳು ಕಾಲುವೆಗಳು. ಸ್ವಿಚ್ಚು ತೂಬು. ಬಲ್ಬು ನೀರು ಉಣ್ಣುವ ಗದ್ದೆ. ನೀರಿನ ಒತ್ತಡವಿದ್ದಂತೆ ವಿದ್ಯುತ್ತಿಗೆ ವೋಲ್ಟ್. ಹರಿಯುವ ನೀರಿನ ಪ್ರಮಾಣವಿದ್ದಂತೆ ಆಂಪಿಯರ್.

ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಗದ್ದೆಗೆ ಹರಿದ ನೀರು ಕೆರೆಗೆ ಹಿಂದಿರುಗಬೇಕಾಗಿಲ್ಲ. ವಿದ್ಯುತ್ತು ಮಾತ್ರ ಬಲ್ಬಿನ ಮೂಲಕ ಹಾದು ಮತ್ತೆ ಬ್ಯಾಟರಿಗೆ ಹಿಂದಿರುಗಲೇಬೇಕು. ಹಿಂದಿರುಗುವ ದಾರಿ ಇಲ್ಲದಿದ್ದರೆ ಬಲ್ಬು ಉರಿಯುವುದಿಲ್ಲ. ಇಂದಿನ ಟ್ರಾಕ್ಟರು ಮತ್ತು ಕಾರುಗಳಲ್ಲಿ ಬ್ಯಾಟರಿಯ ಋಣ ಧ್ರುವವನ್ನು ವಾಹನದ ಕಬ್ಬಿಣದ ಚೌಕಟ್ಟಿಗೇ ಜೋಡಿಸಿರುತ್ತಾರೆ. ಹೀಗಾಗಿ ಬಲ್ಬಿಗೆ ಹೋಗಲು ವೈರು, ಹಿಂದಿರುಗಲು ಚೌಕಟ್ಟು. ಈ ಹಿಂದಿರುಗುವ ದಾರಿಗೆ ಅರ್ತ್ ಎಂದು ಹೆಸರು. ಟ್ರೇಲರಿನ ದೀಪದ ತೊಂದರೆಗಳಲ್ಲಿ ಬಹಳಷ್ಟು ಈ ಅರ್ತಿನಲ್ಲಿಯೇ ಇರುತ್ತವೆ. ರೈತರು ಹೋಗುವ ವೈರನ್ನು ಹುಡುಕುತ್ತಾ ದಿನ ಕಳೆಯುತ್ತಾರೆ. ಹಿಂದಿರುಗುವ ದಾರಿಯನ್ನು ನೋಡುವುದಿಲ್ಲ.

ಫ್ಯೂಸು ಎಂದರೆ ಬೇಕೆಂದೇ ಮೆದುವಾಗಿ ಕಟ್ಟಿದ ಬದು. ಪ್ರವಾಹ ಮಿತಿ ಮೀರಿದಾಗ ಅದು ಮೊದಲು ಕಿತ್ತುಹೋಗಿ ಉಳಿದ ಕಾಲುವೆಯನ್ನು ಕಾಪಾಡುತ್ತದೆ. ವೈರಿನ ಹೊದಿಕೆ ಸವೆದು ತಾಮ್ರವು ಚೌಕಟ್ಟಿಗೆ ತಗಲಿದರೆ ವಿದ್ಯುತ್ತು ಬಲ್ಬಿಗೆ ಹೋಗದೆ ಅಡ್ಡದಾರಿಯಲ್ಲಿ ನೇರವಾಗಿ ಬ್ಯಾಟರಿಗೆ ಹಿಂದಿರುಗುತ್ತದೆ. ಇದೇ ಶಾರ್ಟ್ ಸರ್ಕೀಟು. ಆಗ ಫ್ಯೂಸು ಹೋಗಬೇಕು. ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿಯನ್ನೋ ಸಿಗರೇಟು ಪೆಟ್ಟಿಗೆಯ ಬೇಗಡೆಯನ್ನೋ ಸಿಕ್ಕಿಸಿದ್ದರೆ ವೈರೇ ಕಾದು ಕೆಂಪಾಗುತ್ತದೆ. ಕಬ್ಬಿನ ತರಗು ಅಥವಾ ಭತ್ತದ ಹುಲ್ಲು ತುಂಬಿದ ಟ್ರೇಲರಿನಲ್ಲಿ ಇದರ ಪರಿಣಾಮವನ್ನು ಊಹಿಸಬಹುದು.

ವೋಲ್ಟು ಕಡಿಮೆ, ಆದ್ದರಿಂದ ವೈರು ದಪ್ಪ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿಗಳವರೆಗೆ ಹರಿಯಿತು. ಅಷ್ಟು ದೂರ ಸಾಗಿಸಲು ಸಾಧ್ಯವಾದದ್ದು ಸಾವಿರಾರು ವೋಲ್ಟುಗಳಷ್ಟು ಒತ್ತಡಕ್ಕೆ ಏರಿಸಿದ್ದರಿಂದ. ವೋಲ್ಟು ಹೆಚ್ಚಿದ್ದರೆ ಅದೇ ಶಕ್ತಿಯನ್ನು ಕಡಿಮೆ ಆಂಪಿಯರಿನಲ್ಲಿ ಸಾಗಿಸಬಹುದು. ದಾರಿಯಲ್ಲಿ ಆಗುವ ನಷ್ಟವೂ ಕಡಿಮೆ. ಟ್ರಾಕ್ಟರಿನಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧ. ಇಲ್ಲಿರುವುದು 12 ವೋಲ್ಟ್ ಮಾತ್ರ. ಆದ್ದರಿಂದ ಹತ್ತು ಹೆಜ್ಜೆ ದೂರದ ದೀಪಕ್ಕೂ ವೈರಿನ ದಪ್ಪ ಮುಖ್ಯವಾಗುತ್ತದೆ.

ಲೆಕ್ಕ ಸುಲಭ. ಬಲ್ಬಿನ ಮೇಲೆ ಬರೆದಿರುವ ವ್ಯಾಟನ್ನು 12ರಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. 60 ವ್ಯಾಟಿನ ಮುಂದೀಪ 5 ಆಂಪಿಯರ್ ಎಳೆಯುತ್ತದೆ, ಎರಡಕ್ಕೆ 10. ಬ್ರೇಕಿನ ಬಲ್ಬು ಸಾಮಾನ್ಯವಾಗಿ 21 ವ್ಯಾಟ್. ಎರಡು ಬಲ್ಬುಗಳಿಗೆ 3.5 ಆಂಪಿಯರ್. ಹಿಂದಿನ 5 ವ್ಯಾಟಿನ ಕೆಂಪು ದೀಪಕ್ಕೆ ಅರ್ಧ ಆಂಪಿಯರಿಗಿಂತಲೂ ಕಡಿಮೆ.

ಟ್ರಾಕ್ಟರಿನಿಂದ ಟ್ರೇಲರಿನ ಹಿಂಭಾಗಕ್ಕೆ ಸುಮಾರು 8 ಮೀಟರ್ ವೈರು ಬೇಕೆಂದು ಭಾವಿಸಬಹುದು. ಅರ್ಧ ಚದರ ಮಿಲಿಮೀಟರಿನ ತೆಳು ತಾಮ್ರದ ವೈರಿನಲ್ಲಿ 3.5 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 1 ವೋಲ್ಟ್ ನಷ್ಟವಾಗುತ್ತದೆ. 12ರ ಬದಲು 11 ವೋಲ್ಟ್ ತಲುಪಿದ ಬಲ್ಬಿನ ಬೆಳಕು ಸುಮಾರು ಕಾಲು ಭಾಗ ಕುಗ್ಗುತ್ತದೆ. ಒಂದೂವರೆ ಚದರ ಮಿಲಿಮೀಟರಿನ ವೈರಾದರೆ ನಷ್ಟ ವೋಲ್ಟಿನ ಮೂರನೆಯ ಒಂದು ಭಾಗ ಮಾತ್ರ. ಆದ್ದರಿಂದ ಟ್ರೇಲರಿಗೆ 1 ಅಥವಾ 1.5 ಚದರ ಮಿಲಿಮೀಟರಿನ, ಬಹು ಎಳೆಗಳ ತಾಮ್ರದ ವಾಹನ ವೈರನ್ನೇ ಬಳಸಬೇಕು. ಅರ್ತ್ ವೈರಿನಲ್ಲಿ ಎಲ್ಲ ದೀಪಗಳ ವಿದ್ಯುತ್ತೂ ಸೇರಿ ಹಿಂದಿರುಗುವುದರಿಂದ ಅದು 2.5 ಚದರ ಮಿಲಿಮೀಟರ್ ಇದ್ದರೆ ಒಳ್ಳೆಯದು. ಮನೆಯ ಗೋಡೆಗೆ ಹಾಕುವ ಒಂಟಿ ಎಳೆಯ ಗಟ್ಟಿ ವೈರು ಅಲುಗಾಟಕ್ಕೆ ಬೇಗ ಮುರಿಯುವುದರಿಂದ ಅದು ವಾಹನಕ್ಕೆ ಯೋಗ್ಯವಲ್ಲ.

ವೈರು ಹಾಳಾಗಲು ಕಾರಣಗಳು

1. ಇಲಿ, ಹೆಗ್ಗಣ: ಇಲಿಯ ಮುಂದಿನ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಆದ್ದರಿಂದ ಅದು ಏನನ್ನಾದರೂ ಕಡಿಯುತ್ತಲೇ ಇರುತ್ತದೆ. ಹುಲ್ಲಿನ ಮೆದೆಯ ಪಕ್ಕದಲ್ಲಿ, ಭತ್ತದ ಚೀಲಗಳಿರುವ ಕೊಠಡಿಯ ಬಳಿ ವಾರಗಟ್ಟಲೆ ನಿಂತ ಟ್ರಾಕ್ಟರಿನ ಬಾನೆಟ್ಟಿನೊಳಗೆ ಅದು ಗೂಡು ಕಟ್ಟುವುದು ಸಾಮಾನ್ಯ. ಮನೆಯ ಮುಂದೆ ನಿಂತ ಕಾರಿಗೂ ಇದೇ ಗತಿ.

2. ಕೆಸರು, ನೀರು: ನಾಲೆಯ ಬಯಲಿನಲ್ಲಿ ಕೇಜ್ ವೀಲ್ ಕಟ್ಟಿ ಗದ್ದೆ ಕೆಸರು ಮಾಡುವಾಗ ಕೆಸರು ನೀರು ಸಾಕೆಟ್ಟಿನೊಳಗೂ ದೀಪದ ಗೂಡಿನೊಳಗೂ ಸೇರುತ್ತದೆ. ತಾಮ್ರದ ಮೇಲೆ ಹಸಿರು ಕಿಲುಬು, ಕಬ್ಬಿಣದ ಮೇಲೆ ತುಕ್ಕು ಕಟ್ಟುತ್ತದೆ. ಎರಡೂ ವಿದ್ಯುತ್ತಿನ ದಾರಿಗೆ ಅಡ್ಡಿ.

3. ತಿಕ್ಕಾಟ: ಚೌಕಟ್ಟಿನ ರಂಧ್ರದಲ್ಲಿ ರಬ್ಬರು ಬುಷ್ ಇಲ್ಲದೆ ವೈರು ಹಾಯಿಸಿದ್ದರೆ ಕಬ್ಬಿಣದ ಅಂಚು ಗರಗಸದಂತೆ ಕೆಲಸ ಮಾಡುತ್ತದೆ.

4. ಎಳೆತ: ಟ್ರೇಲರು ತಿರುಗುವಾಗ ಅಥವಾ ಎತ್ತಿ ಸುರಿಯುವಾಗ ವೈರಿಗೆ ಸಾಕಷ್ಟು ಸಡಿಲ ಇಲ್ಲದಿದ್ದರೆ ಕಿತ್ತುಹೋಗುತ್ತದೆ. ಸಡಿಲ ಹೆಚ್ಚಾದರೆ ನೆಲಕ್ಕೆ ಉಜ್ಜುತ್ತದೆ. ಕಬ್ಬಿನ ಸೋಗೆಗೆ ಸಿಕ್ಕಿಕೊಳ್ಳುತ್ತದೆ.

5. ಹಿಂದಿನ ಅರೆಬರೆ ದುರಸ್ತಿ: ಎರಡು ತುದಿಗಳನ್ನು ಹೊಸೆದು ಪ್ಲಾಸ್ಟಿಕ್ ಹಾಳೆ ಸುತ್ತಿದ ಗಂಟು ಒಂದು ಮಳೆಗಾಲಕ್ಕೂ ಬಾಳುವುದಿಲ್ಲ.

ಬೇಕಾಗುವ ಸಾಮಾನುಗಳು

ಸ್ಪ್ಯಾನರ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಉಪ್ಪುಕಾಗದ, ತಂತಿಯ ಬ್ರಷ್, ಬೆಸುಗೆ ಕಡ್ಡಿ, ರಾಳ ಸೇರಿದ ಬೆಸುಗೆ ಸೀಸ, ಬಿಸಿಗೆ ಕುಗ್ಗುವ ಸ್ಲೀವ್, ಒಳ್ಳೆಯ ಇನ್ಸುಲೇಷನ್ ಟೇಪು, ಸರಿಯಾದ ಫ್ಯೂಸು ಮತ್ತು ಬಲ್ಬುಗಳು. ಇವುಗಳ ಜೊತೆಗೆ ಒಂದು ಪರೀಕ್ಷಾ ದೀಪ ಬೇಕು.

ಪರೀಕ್ಷಾ ದೀಪವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 12 ವೋಲ್ಟಿನ ಬಲ್ಬು ಮತ್ತು ಹೋಲ್ಡರಿಗೆ ಎರಡು ಮಾರು ಉದ್ದದ ಎರಡು ವೈರುಗಳನ್ನು ಜೋಡಿಸಿ, ಒಂದರ ತುದಿಗೆ ಮೊಸಳೆ ಬಾಯಿ ಕ್ಲಿಪ್ಪು, ಇನ್ನೊಂದರ ತುದಿಗೆ ಚೂಪಾದ ಕಡ್ಡಿ ಹಾಕಿದರೆ ಸಾಕು. 5 ವ್ಯಾಟಿನದೊಂದು, 21 ವ್ಯಾಟಿನದೊಂದು ಬಲ್ಬು ಇರಲಿ. ಮಲ್ಟಿಮೀಟರ್ ಇದ್ದವರಿಗೆ ಕೆಲಸ ಇನ್ನೂ ಸುಲಭ. ಇದನ್ನು ಮನೆಯ 230 ವೋಲ್ಟಿನ ಲೈನಿಗಾಗಲಿ ಪಂಪ್‌ಸೆಟ್ಟಿಗಾಗಲಿ ಎಂದೂ ತಾಗಿಸಬಾರದು.

ಕೆಲಸಕ್ಕೆ ಮುನ್ನ

ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಟ್ರೇಲರಿನ ಚಕ್ರಗಳಿಗೆ ಕಲ್ಲು ಕೊಡಬೇಕು. ಕೈಯಲ್ಲಿನ ಉಂಗುರ, ಲೋಹದ ಕಡಗ ತೆಗೆದಿಡಬೇಕು. ಬ್ಯಾಟರಿಗೆ ತಗಲಿದ ಉಂಗುರ ಕ್ಷಣದಲ್ಲಿ ಬೆರಳು ಸುಡುವಷ್ಟು ಕಾಯುತ್ತದೆ. ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುವುದರಿಂದ ಹತ್ತಿರದಲ್ಲಿ ಬೀಡಿ, ಬೆಂಕಿಕಡ್ಡಿ ಕೂಡದು. ಬ್ಯಾಟರಿಯ ಆಮ್ಲ ಮೈಗೆ ಅಥವಾ ಕಣ್ಣಿಗೆ ಸಿಡಿದರೆ ತಕ್ಷಣ ಧಾರಾಳವಾಗಿ ನೀರಿನಿಂದ ತೊಳೆಯಬೇಕು. ಕಣ್ಣಿಗಾದರೆ ವೈದ್ಯರ ಬಳಿಗೂ ಹೋಗಬೇಕು.

ಪರೀಕ್ಷೆ ಮಾಡುವಾಗ ಬ್ಯಾಟರಿ ಜೋಡಣೆಯಲ್ಲಿರಬೇಕಾಗುತ್ತದೆ. ಆದರೆ ವೈರು ಕತ್ತರಿಸುವ, ಬೆಸೆಯುವ ಹೊತ್ತಿಗೆ ಅದನ್ನು ಬಿಚ್ಚಿರಬೇಕು. ಬಿಚ್ಚುವಾಗ ಋಣ ಧ್ರುವ ಮೊದಲು. ಜೋಡಿಸುವಾಗ ಋಣ ಧ್ರುವ ಕೊನೆಗೆ. ಈ ಕ್ರಮ ತಪ್ಪಿ ಧನ ಧ್ರುವವನ್ನು ಮೊದಲು ಬಿಚ್ಚಹೋದರೆ, ಸ್ಪ್ಯಾನರ್ ಚೌಕಟ್ಟಿಗೆ ತಗಲಿದ ಕೂಡಲೇ ಭಾರೀ ಕಿಡಿ ಹಾರುತ್ತದೆ. ಋಣ ಧ್ರುವ ಬಿಚ್ಚಿದ ಮೇಲೆ ಈ ಅಪಾಯವಿಲ್ಲ.

ದೋಷ ಹುಡುಕುವ ಕ್ರಮ

ಸುಲಭವಾದುದನ್ನು ಮೊದಲು, ಕಷ್ಟವಾದುದನ್ನು ಆಮೇಲೆ ನೋಡಬೇಕು. ಹೊಸ ವೈರು ಎಳೆಯುವುದು ಕೊನೆಯ ಉಪಾಯ.

ಮೊದಲನೆಯದು, ಬ್ಯಾಟರಿ: ಎಂಜಿನ್ ನಿಲ್ಲಿಸಿ ಕೆಲವು ಗಂಟೆಗಳ ಮೇಲೆ ಅಳೆದಾಗ ಪೂರ್ಣ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟಿಗಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಬೇಕು. ಎಂಜಿನ್ ಚಾಲನೆಯಲ್ಲಿದ್ದಾಗ ಸುಮಾರು 14 ವೋಲ್ಟ್ ಬರಬೇಕು. ಧ್ರುವಗಳ ಮೇಲಿನ ಬಿಳಿ ಪುಡಿಯನ್ನು ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿಮಾಡಿ, ವ್ಯಾಸಲೀನ್ ಸವರಬೇಕು.

ಎರಡನೆಯದು, ಬಲ್ಬು: ಬಲ್ಬನ್ನು ತೆಗೆದು ಬೆಳಕಿಗೆ ಹಿಡಿದು ನೋಡಬೇಕು. ಒಳಗಿನ ಎಳೆ ತುಂಡಾಗಿದ್ದರೆ ಅಥವಾ ಗಾಜು ಕಪ್ಪಾಗಿದ್ದರೆ ಬದಲಾಯಿಸಬೇಕು. ಸಂದೇಹವಿದ್ದರೆ ಬ್ಯಾಟರಿಗೇ ನೇರವಾಗಿ ಹಿಡಿದು ನೋಡಬಹುದು.

ಮೂರನೆಯದು, ಫ್ಯೂಸು: ಚಪ್ಪಟೆ ಫ್ಯೂಸುಗಳನ್ನು ಬಣ್ಣದಿಂದ ಗುರುತಿಸಬಹುದು. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಹೋದ ಫ್ಯೂಸಿಗೆ ಅದೇ ಬಣ್ಣದ್ದನ್ನೇ ಹಾಕಬೇಕು. ಕೆಂಪು ನಿಲ್ಲುವುದಿಲ್ಲವೆಂದು ಹಸಿರು ಹಾಕುವುದು ಔಷಧಿಯಲ್ಲ, ರೋಗವನ್ನು ಮುಚ್ಚಿಡುವುದು.

ನಾಲ್ಕನೆಯದು, ಅರ್ತ್: ಪರೀಕ್ಷಾ ದೀಪಕ್ಕೆ 21 ವ್ಯಾಟಿನ ಬಲ್ಬು ಹಾಕಿ, ಅದರ ಕ್ಲಿಪ್ಪನ್ನು ಬ್ಯಾಟರಿಯ ಧನ ಧ್ರುವದಿಂದ ತಂದ ಫ್ಯೂಸಿರುವ ವೈರಿಗೆ ಕಚ್ಚಿಸಬೇಕು. ಕಡ್ಡಿಯನ್ನು ಟ್ರೇಲರಿನ ದೀಪದ ಲೋಹದ ಭಾಗಕ್ಕೆ ಒತ್ತಬೇಕು. ಪೂರ್ಣವಾಗಿ ಉರಿದರೆ ಹಿಂದಿರುಗುವ ದಾರಿ ಸರಿಯಾಗಿದೆ. ಮಂಕಾಗಿ ಉರಿದರೆ ಅಥವಾ ಉರಿಯದಿದ್ದರೆ ಅರ್ತ್ ಕೆಟ್ಟಿದೆ. ಸಣ್ಣ ಬಲ್ಬಿನಿಂದ ಪರೀಕ್ಷಿಸಿದರೆ ತುಕ್ಕು ಹಿಡಿದ ಅರ್ತೂ ಚೆನ್ನಾಗಿರುವಂತೆ ಕಾಣಬಹುದು; ಅದಕ್ಕೇ 21 ವ್ಯಾಟ್.

ಐದನೆಯದು, ಹೋಗುವ ವೈರು: ಈಗ ಕ್ಲಿಪ್ಪನ್ನು ಚೌಕಟ್ಟಿನ ಶುದ್ಧ ಲೋಹಕ್ಕೆ ಕಚ್ಚಿಸಿ, ದೀಪದ ಸ್ವಿಚ್ಚು ಹಾಕಿ, ಕಡ್ಡಿಯನ್ನು ಮೊದಲು ಫ್ಯೂಸಿಗೆ, ಬಳಿಕ ಟ್ರಾಕ್ಟರಿನ ಹಿಂದಿನ ಸಾಕೆಟ್ಟಿಗೆ, ಕೊನೆಗೆ ಟ್ರೇಲರಿನ ದೀಪದ ಹೋಲ್ಡರಿಗೆ ಮುಟ್ಟಿಸುತ್ತ ಹೋಗಬೇಕು. ನೀರು ಬಾರದ ಕಾಲುವೆಯ ಮೇಲೆ ನಡೆದುಹೋಗುವಂತೆ ಇದು. ಎಲ್ಲಿಯವರೆಗೆ ಪರೀಕ್ಷಾ ದೀಪ ಉರಿಯುತ್ತದೋ ಅಲ್ಲಿಯವರೆಗೆ ದಾರಿ ಸರಿ. ಎಲ್ಲಿ ಉರಿಯಲಿಲ್ಲವೋ ಅದಕ್ಕೂ ಅದರ ಹಿಂದಿನ ಜಾಗಕ್ಕೂ ನಡುವೆ ವೈರು ತುಂಡಾಗಿದೆ. ಹೊರಗಿನ ಹೊದಿಕೆ ಚೆನ್ನಾಗಿದ್ದು ಒಳಗೆ ತಾಮ್ರ ಮುರಿದಿರುವುದೂ ಉಂಟು. ಮೆಲ್ಲಗೆ ಎಳೆದಾಗ ಹೊದಿಕೆ ಒಂದೆಡೆ ರಬ್ಬರಿನಂತೆ ಹಿಗ್ಗಿದರೆ ಒಡಕು ಅಲ್ಲೇ ಇದೆ.

ಸಾಕೆಟ್ಟಿನ ಏಳು ಪಿನ್ನುಗಳು

ಟ್ರಾಕ್ಟರಿಗೂ ಟ್ರೇಲರಿಗೂ ನಡುವಿನ ಏಳು ಪಿನ್ನಿನ ಸಾಕೆಟ್ಟಿನಲ್ಲಿ ಅಂಕೆಗಳನ್ನು ಅಚ್ಚುಮಾಡಿರುತ್ತಾರೆ. 12 ವೋಲ್ಟಿನ ವಾಹನಗಳಿಗೆ ಅಂತರರಾಷ್ಟ್ರೀಯ ಮಾನಕದ ಜೋಡಣೆ ಹೀಗಿದೆ:

1 – ಎಡ ಇಂಡಿಕೇಟರ್
2 – ಹಿಂದಿನ ಮಂಜು ದೀಪ (ಹೆಚ್ಚಿನ ಟ್ರೇಲರುಗಳಲ್ಲಿ ಖಾಲಿ)
3 – ಅರ್ತ್
4 – ಬಲ ಇಂಡಿಕೇಟರ್
5 – ಬಲಗಡೆಯ ಹಿಂದೀಪ
6 – ಬ್ರೇಕ್ ದೀಪ
7 – ಎಡಗಡೆಯ ಹಿಂದೀಪ

ಟ್ರಾಕ್ಟರಿನ ಕೈಪಿಡಿಯಲ್ಲಿ ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಅನುಸರಿಸಬೇಕು. ವೈರಿನ ಬಣ್ಣವನ್ನು ಮಾತ್ರ ನಂಬಬಾರದು. ಹಿಂದೆ ದುರಸ್ತಿ ಮಾಡಿದವರು ಕೈಗೆ ಸಿಕ್ಕ ಬಣ್ಣವನ್ನು ಹಾಕಿರುತ್ತಾರೆ.

ಮೂರನೆಯ ಪಿನ್ನಿನ ಮಹತ್ವವನ್ನು ವಿಶೇಷವಾಗಿ ತಿಳಿಯಬೇಕು. ಅನೇಕ ಟ್ರೇಲರುಗಳಲ್ಲಿ ಅರ್ತ್ ವೈರನ್ನೇ ಹಾಕಿರುವುದಿಲ್ಲ. ವಿದ್ಯುತ್ತು ಟ್ರೇಲರಿನ ಮೂಕಿ ಮತ್ತು ಕೊಂಡಿಯ ಕಬ್ಬಿಣದ ಮೂಲಕವೇ ಹಿಂದಿರುಗಬೇಕು. ಕೊಂಡಿಗೆ ಗ್ರೀಸು, ಕೆಸರು ಮೆತ್ತಿರುತ್ತದೆ. ರಸ್ತೆಯ ಕುಲುಕಾಟಕ್ಕೆ ಸಂಪರ್ಕ ಬಿಟ್ಟು ಬಿಟ್ಟು ಸಿಗುತ್ತದೆ. ಅಂಗಳದಲ್ಲಿ ಉರಿದ ದೀಪ ರಸ್ತೆಯಲ್ಲಿ ಆರುವುದು ಇದರಿಂದಲೇ. ಆದ್ದರಿಂದ ಮೂರನೆಯ ಪಿನ್ನಿನಿಂದ ಟ್ರೇಲರಿನ ಎರಡೂ ಹಿಂದೀಪಗಳವರೆಗೆ ಪ್ರತ್ಯೇಕ ಅರ್ತ್ ವೈರು ಎಳೆಯುವುದು ಎಲ್ಲಕ್ಕಿಂತ ಉಪಯುಕ್ತವಾದ ಸುಧಾರಣೆ. ಅದನ್ನು ಚೌಕಟ್ಟಿಗೆ ಸೇರಿಸುವ ಕಡೆ ಬಣ್ಣ ಮತ್ತು ತುಕ್ಕನ್ನು ಕೆರೆದು ಹೊಳೆಯುವ ಲೋಹ ಕಾಣುವಂತೆ ಮಾಡಿ, ವಾಷರ್ ಸಹಿತ ಬೋಲ್ಟು ಬಿಗಿದು, ಮೇಲೆ ಗ್ರೀಸು ಸವರಬೇಕು.

ಫ್ಯೂಸು ಪದೇ ಪದೇ ಹೋಗುತ್ತಿದ್ದರೆ

ಒಂದರ ಮೇಲೊಂದು ಹೊಸ ಫ್ಯೂಸು ಸುಡುವುದು ಬೇಡ. ಆ ದಾರಿಯ ಎಲ್ಲ ಬಲ್ಬುಗಳನ್ನೂ ತೆಗೆದು, ಫ್ಯೂಸನ್ನೂ ತೆಗೆದು, ಅದರ ಎರಡು ಹಲ್ಲುಗಳ ನಡುವೆ ಪರೀಕ್ಷಾ ದೀಪವನ್ನು ಜೋಡಿಸಿ ಸ್ವಿಚ್ಚು ಹಾಕಬೇಕು. ಬಲ್ಬುಗಳಿಲ್ಲದಿದ್ದರೂ ಪರೀಕ್ಷಾ ದೀಪ ಉರಿದರೆ ಎಲ್ಲೋ ವೈರು ಕಬ್ಬಿಣಕ್ಕೆ ತಗಲಿದೆ ಎಂದರ್ಥ. ಈಗ ಟ್ರೇಲರಿನ ಪ್ಲಗ್ಗನ್ನು ಸಾಕೆಟ್ಟಿನಿಂದ ಕೀಳಬೇಕು. ದೀಪ ಆರಿದರೆ ದೋಷ ಟ್ರೇಲರಿನಲ್ಲಿದೆ. ಉರಿಯುತ್ತಲೇ ಇದ್ದರೆ ಟ್ರಾಕ್ಟರಿನಲ್ಲಿದೆ. ಅನಂತರ ಆ ಭಾಗದ ವೈರನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಹೋಗಬೇಕು. ಎಲ್ಲಿ ಅಲುಗಾಡಿಸಿದಾಗ ದೀಪ ಮಿನುಗುತ್ತದೆಯೋ ಅಲ್ಲಿ ಹೊದಿಕೆ ಹರಿದಿದೆ. ಶಾರ್ಟ್ ಇದ್ದರೂ ಪರೀಕ್ಷಾ ದೀಪವೇ ಪ್ರವಾಹವನ್ನು ತಡೆದು ಹಿಡಿಯುವುದರಿಂದ ವೈರು ಕಾಯುವುದಿಲ್ಲ.

ತುಂಡಾದ ವೈರನ್ನು ಜೋಡಿಸುವ ರೀತಿ

1. ಬ್ಯಾಟರಿಯ ಋಣ ಧ್ರುವ ಬಿಚ್ಚಬೇಕು.
2. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಹೊಳೆಯುವ ಕೆಂಪು ತಾಮ್ರ ಕಾಣುವವರೆಗೆ ಎರಡೂ ತುದಿಗಳನ್ನು ಕತ್ತರಿಸಬೇಕು. ಉದ್ದ ಸಾಲದಿದ್ದರೆ ಅಷ್ಟೇ ದಪ್ಪದ ವೈರಿನ ತುಂಡನ್ನು ನಡುವೆ ಸೇರಿಸಬೇಕು, ಎಳೆದು ಕಟ್ಟಬಾರದು.
3. ಸ್ಲೀವನ್ನು ಮೊದಲೇ ಒಂದು ವೈರಿಗೆ ತೂರಿಸಿಡಬೇಕು. ಬೆಸೆದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.
4. ಎರಡೂ ತುದಿಗಳಲ್ಲಿ ಸುಮಾರು 2 ಸೆಂಟಿಮೀಟರ್ ಹೊದಿಕೆ ಸುಲಿದು, ಒಂದಕ್ಕೊಂದು ಅಡ್ಡಲಾಗಿಟ್ಟು, ಒಂದರ ತುದಿಯನ್ನು ಇನ್ನೊಂದರ ಬುಡಕ್ಕೆ ಬಿಗಿಯಾಗಿ ಸುತ್ತಬೇಕು.
5. ಬೆಸುಗೆ ಕಡ್ಡಿಯಿಂದ ತಾಮ್ರವನ್ನೇ ಕಾಯಿಸಿ, ಕಾದ ತಾಮ್ರಕ್ಕೆ ಸೀಸ ಮುಟ್ಟಿಸಿದರೆ ಅದು ಎಳೆಗಳೊಳಗೆ ಇಳಿಯುತ್ತದೆ. ಪಾತ್ರೆಗೆ ಕಲಾಯಿ ಹಾಕುವವರ ಆಮ್ಲದ ಪುಡಿಯನ್ನು ಬಳಸಬಾರದು. ಅದು ಒಳಗೊಳಗೇ ತಾಮ್ರವನ್ನು ತಿನ್ನುತ್ತದೆ.
6. ತಣ್ಣಗಾದ ಮೇಲೆ ಸ್ಲೀವನ್ನು ಜಾರಿಸಿ, ಬಿಸಿ ತಾಗಿಸಿ ಕುಗ್ಗಿಸಿ, ಮೇಲೆ ಟೇಪು ಸುತ್ತಬೇಕು.
7. ಬೆಸೆದ ಜಾಗ ಗಟ್ಟಿಯಾಗಿ ಬಾಗದಂತಾಗುವುದರಿಂದ ಅದರ ಪಕ್ಕದಲ್ಲೇ ವೈರು ಮುರಿಯುವ ಸಂಭವವುಂಟು. ಆದ್ದರಿಂದ ಬೆಸುಗೆಯ ಎರಡೂ ಬದಿಯಲ್ಲಿ ವೈರನ್ನು ಚೌಕಟ್ಟಿಗೆ ಕಟ್ಟಬೇಕು. ಕೊಂಡಿಯ ಬಳಿ, ಸದಾ ಬಳುಕುವ ಜಾಗದಲ್ಲಿ ಜೋಡಣೆ ಇರಲೇಬಾರದು. ಅಲ್ಲಿ ಅಖಂಡ ವೈರನ್ನೇ ಹಾಕಬೇಕು.
8. ಒಂದೇ ಕಟ್ಟಿನ ಹಲವು ವೈರುಗಳು ತುಂಡಾಗಿದ್ದರೆ ಗಂಟುಗಳು ಒಂದೇ ಕಡೆ ಬಾರದಂತೆ ನಾಲ್ಕು ಬೆರಳಷ್ಟು ಅಂತರ ಬಿಟ್ಟು ಜೋಡಿಸಬೇಕು.

ಬೆಸುಗೆ ಬಾರದವರು ಸರಿಯಾದ ಅಳತೆಯ ಲಗ್ಗುಗಳನ್ನು ಲಗ್ಗಿನ ಪ್ಲೇಯರಿನಿಂದಲೇ ಬಿಗಿದು ಸ್ಲೀವ್ ಹಾಕಬಹುದು. ಸುತ್ತಿಗೆಯಿಂದ ಜಜ್ಜಿದ ಲಗ್ಗು ನಿಲ್ಲುವುದಿಲ್ಲ.

ವೈರು ಹಾಯಿಸುವಾಗ ಟ್ರೇಲರಿನ ಚೌಕಟ್ಟಿನ ಒಳಬದಿಯಲ್ಲಿ ಪ್ಲಾಸ್ಟಿಕ್ ಕೊಳವೆಯೊಳಗೆ ಹಾಕಿ, ಒಂದೊಂದು ಅಡಿಗೆ ಕಟ್ಟು ಕೊಟ್ಟು, ರಂಧ್ರಗಳಿಗೆ ರಬ್ಬರು ಬುಷ್ ಹಾಕಬೇಕು. ಸೈಲೆನ್ಸರ್, ಚಕ್ರ ಮತ್ತು ತಿರುಗುವ ಭಾಗಗಳಿಂದ ದೂರವಿರಬೇಕು. ಕೊಂಡಿಯ ಬಳಿ ಟ್ರೇಲರು ಎರಡೂ ಕಡೆಗೆ ಪೂರ್ತಿ ತಿರುಗಿದರೂ ಎಳೆಯದಷ್ಟು, ನೆಲಕ್ಕೆ ತಾಗದಷ್ಟು ಸಡಿಲ ಬಿಡಬೇಕು.

ಲಕ್ಷಣ ಮತ್ತು ಕಾರಣ

ಟ್ರೇಲರಿನ ಎಲ್ಲ ದೀಪಗಳೂ ಒಮ್ಮೆಗೇ ಆರಿದರೆ: ಅರ್ತ್ ಅಥವಾ ಸಾಕೆಟ್ಟು.
ಒಂದು ದೀಪ ಮಾತ್ರ ಉರಿಯದಿದ್ದರೆ: ಬಲ್ಬು, ಹೋಲ್ಡರಿನ ಕಿಲುಬು ಅಥವಾ ಆ ದೀಪದ ವೈರು.
ಇಂಡಿಕೇಟರ್ ಹಾಕಿದಾಗ ಹಿಂದೀಪವೂ ಜೊತೆಗೆ ಮಿನುಗಿದರೆ: ಅರ್ತ್ ಕೆಟ್ಟು, ವಿದ್ಯುತ್ತು ಬೇರೆ ಬಲ್ಬಿನ ಮೂಲಕ ದಾರಿ ಹುಡುಕುತ್ತಿದೆ.
ಇಂಡಿಕೇಟರ್ ಅತಿ ವೇಗವಾಗಿ ಮಿನುಗಿದರೆ ಅಥವಾ ಮಿನುಗದೆ ನಿಂತರೆ: ಆ ಬದಿಯ ಬಲ್ಬು ಹೋಗಿರಬಹುದು. ಎಲ್‌.ಇ.ಡಿ. ದೀಪ ಹಾಕಿದ್ದರೆ ಅದಕ್ಕೆ ಹೊಂದುವ ಫ್ಲಾಷರ್ ಬೇಕಾಗಬಹುದು. ಎಲ್‌.ಇ.ಡಿ.ಗೆ ಧನ–ಋಣ ಅದಲುಬದಲಾದರೆ ಅದು ಉರಿಯುವುದಿಲ್ಲ.
ಎಲ್ಲ ದೀಪಗಳೂ ಮಂಕಾಗಿದ್ದರೆ: ತೆಳು ವೈರು, ತುಕ್ಕು ಹಿಡಿದ ಜೋಡಣೆ ಅಥವಾ ಬ್ಯಾಟರಿ.

ಮನೆಯಲ್ಲಿ ಕೈಹಾಕಬಾರದ ಕೆಲಸಗಳು

ಸ್ಟಾರ್ಟರಿನ ದಪ್ಪ ಕೇಬಲ್ಲಿನಲ್ಲಿ ನೂರಾರು ಆಂಪಿಯರ್ ಹರಿಯುತ್ತದೆ. ಅದಕ್ಕೆ ತೇಪೆ ಹಾಕದೆ ಪೂರ್ತಿ ಬದಲಾಯಿಸಬೇಕು. ಆಲ್ಟರ್ನೇಟರಿನ ದೋಷವನ್ನು ಬಲ್ಲ ಮೆಕ್ಯಾನಿಕ್ಕಿಗೇ ಬಿಡಬೇಕು. 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರಾಕ್ಟರುಗಳಿಗೆ 2023ರಿಂದ ಹೊಗೆ ನಿಯಂತ್ರಣದ ಹೊಸ ನಿಯಮಗಳು ಜಾರಿಯಾದ ಮೇಲೆ ಅವುಗಳ ಎಂಜಿನ್ನಿನಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣ ಸಾಮಾನ್ಯವಾಗಿದೆ. ಅಂತಹ ಎಂಜಿನ್ನಿನ ಸಣ್ಣ ವೈರುಗಳಿಗೆ ಪರೀಕ್ಷಾ ದೀಪ ಮುಟ್ಟಿಸಿದರೆ ಬೆಲೆಬಾಳುವ ಯಂತ್ರಭಾಗ ಹಾಳಾಗಬಹುದು. ಕಾರುಗಳಲ್ಲಿ ಹಳದಿ ಹೊದಿಕೆ ಅಥವಾ ಹಳದಿ ಪ್ಲಗ್ಗು ಇರುವ ವೈರುಗಳು ಸಾಮಾನ್ಯವಾಗಿ ಗಾಳಿ ಚೀಲಕ್ಕೆ ಸೇರಿದವು. ಅವನ್ನು ಮುಟ್ಟಲೇಬಾರದು, ಚೀಲ ಹಠಾತ್ತಾಗಿ ಸಿಡಿಯುವ ಅಪಾಯವಿದೆ.

ಟ್ರೇಲರಿಗೆ ವೆಲ್ಡಿಂಗ್ ಮಾಡಿಸುವ ಮುನ್ನ ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು, ಸಾಧ್ಯವಾದರೆ ಟ್ರೇಲರನ್ನೇ ಟ್ರಾಕ್ಟರಿನಿಂದ ಬೇರ್ಪಡಿಸಬೇಕು. ಇಲ್ಲವಾದರೆ ವೆಲ್ಡಿಂಗಿನ ಭಾರೀ ಪ್ರವಾಹ ವೈರು, ಆಲ್ಟರ್ನೇಟರುಗಳ ಮೂಲಕ ಹರಿದು ಅವು ಕೆಡಬಹುದು.

ಹಂಗಾಮಿಗೆ ಮುನ್ನ

ಕಬ್ಬು ಕಡಿಯುವ ದಿನ ಕೂಲಿಯಾಳುಗಳು ಕಾಯುತ್ತಿರುವಾಗ ಯಾರೂ ವೈರು ನೋಡುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಹಂಗಾಮಿಗೆ ಮೊದಲೇ ಒಂದು ಬಿಡುವಿನ ದಿನ ಮುಗಿಸಬೇಕು. ವಿಸ್ತರಣಾ ಕಾರ್ಯಕರ್ತರು ಹಳ್ಳಿಯ ಟ್ರೇಲರುಗಳನ್ನೆಲ್ಲ ಒಂದೆಡೆ ಸೇರಿಸಿ, ಒಂದು ಟ್ರೇಲರಿಗೆ ಅರ್ತ್ ವೈರು ಹಾಕಿ ತೋರಿಸಿದರೆ ಉಳಿದವರು ನೋಡಿ ಕಲಿಯುತ್ತಾರೆ. ಪರೀಕ್ಷಾ ದೀಪ ಊರಿಗೆ ಒಂದಿದ್ದರೂ ಸಾಕು.

ಎಷ್ಟು ಚೆನ್ನಾಗಿ ದುರಸ್ತಿ ಮಾಡಿದರೂ ದಾರಿಯಲ್ಲಿ ಬಲ್ಬು ಹೋಗಬಹುದು. ಆದ್ದರಿಂದ ಟ್ರೇಲರಿನ ಹಿಂಭಾಗದ ಎರಡು ಅಂಚುಗಳಿಗೂ ಕೆಂಪು ರಿಫ್ಲೆಕ್ಟರು, ಹೊಳೆಯುವ ಪಟ್ಟಿ ಇರಲೇಬೇಕು. ಅದಕ್ಕೆ ವೈರೂ ಬೇಡ, ಬ್ಯಾಟರಿಯೂ ಬೇಡ. ಕೆಸರು ಒರೆಸಿದರೆ ಸಾಕು. ದೀಪವಿಲ್ಲದ ಎತ್ತಿನ ಗಾಡಿಗೂ ಇದನ್ನು ಅಂಟಿಸಬಹುದು. ಕಬ್ಬಿನ ಜಲ್ಲೆಗಳು ಹಿಂದಕ್ಕೆ ಚಾಚಿ ದೀಪವನ್ನೂ ರಿಫ್ಲೆಕ್ಟರನ್ನೂ ಮುಚ್ಚದಂತೆ ತುಂಬಬೇಕು. ಮುಚ್ಚಿಹೋದ ದೀಪ ಉರಿದರೂ ಉರಿಯದಂತೆಯೇ.

ಕೊನೆಯದಾಗಿ ಒಂದು ಅಭ್ಯಾಸ. ತುಂಬಿದ ಟ್ರೇಲರು ಗದ್ದೆಯಿಂದ ರಸ್ತೆಗೆ ಹತ್ತುವ ಮುನ್ನ ಒಬ್ಬರು ಸೀಟಿನಲ್ಲಿ ಕುಳಿತು ದೀಪ, ಬ್ರೇಕು, ಎಡ, ಬಲ ಎಂದು ಒಂದೊಂದನ್ನೇ ಹಾಕಬೇಕು; ಇನ್ನೊಬ್ಬರು ಇಪ್ಪತ್ತು ಹೆಜ್ಜೆ ಹಿಂದೆ ನಿಂತು ಉರಿಯಿತೇ ಎಂದು ಕೂಗಿ ಹೇಳಬೇಕು. ಇದಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಹಿಂದೆ ನಿಂತವರಿಗೆ ಕಾಣದ ಟ್ರೇಲರು ಹಿಂದಿನಿಂದ ಬರುವವರಿಗೂ ಕಾಣುವುದಿಲ್ಲ. ಅಂತಹ ಟ್ರೇಲರು ಆ ರಾತ್ರಿ ಗದ್ದೆಯ ಬದಿಯಲ್ಲೇ ಉಳಿದು ಬೆಳಿಗ್ಗೆ ಹೊರಡುವುದು ಲೇಸು.